ಬಂಡೆ ಬೆಳ್ಳಗೆ, ಕುರಿ ಕಪ್ಪಗೆ

ನಲವತ್ತೆಂಟು ವರ್ಷದ ಗಂಡಸು ಸಂಜೆ ಹೊತ್ತು ಲ್ಯಾಪ್‌ಟಾಪಿನ ಮುಂದೆ ಕೂತು ಗೇಮಿನಲ್ಲಿ ಮೂರಂತಸ್ತಿನಷ್ಟು ಎತ್ತರದ ರೋಬೋ ಓಡಿಸುತ್ತಾನೆ ಎಂದರೆ ನೀವು ನಗುತ್ತೀರಿ. ನಗಿ, ನನ್ನ ಹೆಂಡತಿಯೂ ನಗುತ್ತಾಳೆ. ಮೊನ್ನೆ ಆ ಗೇಮಿನಲ್ಲಿ ಶಾಖ ಕಾಣುವ ಥರ್ಮಲ್ ಕಣ್ಣಿನ ಗುಂಡಿ ಒತ್ತಿದೆ. ಆಗಷ್ಟೇ ಹೊತ್ತು ಮುಳುಗಿದ ಗುಡ್ಡ. ಬಂಡೆಗಳೆಲ್ಲ ಕಪ್ಪು, ನಡುವೆ ಶತ್ರುವಿನ ರೋಬೋ ಒಂದೇ ಹಾಲಿನಂತೆ ಬೆಳ್ಳಗೆ. ಇದು ಶುದ್ಧ ಸುಳ್ಳು ಎಂದು ಒಬ್ಬನೇ ಕೂತು ಜಗಳ ತೆಗೆದೆ.

ಜಗಳ ತೆಗೆಯುವ ಹಕ್ಕು ನನಗಿದೆ. ಕರೆಂಟಿನ ಸಬ್‌ಸ್ಟೇಷನ್ನುಗಳಲ್ಲಿ ಯಾವ ಜಾಯಿಂಟು ಕಾದಿದೆ ಎಂದು ಥರ್ಮಲ್ ಕ್ಯಾಮೆರಾ ಹಿಡಿದು ನೋಡುವುದೇ ನನ್ನ ಹೊಟ್ಟೆಪಾಡು. ಅದಕ್ಕೆ ಬೆಳಕು ಬೇಡ, ಶಾಖ ಸಾಕು. ಬಿಸಿಯಾದದ್ದು ಬೆಳ್ಳಗೆ, ತಣ್ಣಗಿದ್ದದ್ದು ಕಪ್ಪಗೆ. ಗೇಮಿನಲ್ಲಿ ಕಿಟಕಿ ಗಾಜಿನಾಚೆ ಅಡಗಿದವನೂ ಹೊಳೆಯುತ್ತಾನೆ. ನಮ್ಮ ಕ್ಯಾಮೆರಾವನ್ನು ಗಾಜಿಗೆ ಹಿಡಿದರೆ ಕಾಣುವುದು ಹಿಡಿದವನದೇ ಮೂತಿ. ಅಷ್ಟು ದೊಡ್ಡ ಎಂಜಿನ್ ಹೊತ್ತ ರೋಬೋದ ಕಣ್ಣನ್ನು ಅದರದೇ ಶಾಖದಿಂದ ಕಾಪಾಡುವವರು ಯಾರು, ಅದನ್ನೂ ಯಾರೂ ಹೇಳುವುದಿಲ್ಲ. ಹೋಗಲಿ ಬಿಡಿ. ಆದರೆ ದುರ್ಗದ ಕಡೆ ಹುಟ್ಟಿದವನು ಸಂಜೆಯ ಬಂಡೆ ತಣ್ಣಗಿರುತ್ತದೆ ಎಂದು ಹೇಗೆ ಒಪ್ಪಲಿ? ನಮ್ಮ ಬಂಡೆಯ ಮೇಲೆ ದೀಪ ಹಚ್ಚುವ ಹೊತ್ತಿಗೆ ಕೂತರೂ ಅಂಡು ಸುಡುತ್ತದೆ.

ಈ ವಿದ್ಯೆಯನ್ನು ನಾನು ಮಾನ ಕಳೆದುಕೊಂಡು ಕಲಿತೆ. ಕ್ಯಾಮೆರಾ ಹೊಸದಾಗಿ ಕೈಗೆ ಬಂದ ವರ್ಷ ಅವ್ವನನ್ನು ಕರೆದುಕೊಂಡು ಮದಕರಿಪುರಕ್ಕೆ ಹೋಗಿದ್ದೆ. ಅವಳ ತಮ್ಮ, ನನ್ನ ಈರಣ್ಣ ಮಾವ, ಅಲ್ಲಿ ಕುರಿ ಸಾಕುತ್ತಾನೆ. ಅವ್ವ ಬಸ್ಸಿಳಿದಾಗಿನಿಂದ ಎದುರಿಗೆ ಸಿಕ್ಕವರಿಗೆಲ್ಲ ವರದಿ ಒಪ್ಪಿಸುತ್ತಿದ್ದಳು: "ಗ್ವಾಡೆ ಒಳಗೆ ವೈರು ಕಾದಿದ್ರೂ ನಮ್ ಹುಡುಗಂಗೆ ಕಾಣ್ತೈತೆ ಕಣ್ರಿ."

ಆವತ್ತು ಸಂಜೆ ಮಂದೆ ಗುಡ್ಡದಿಂದ ಮರಳಿದಾಗ ಒಂದು ತಾಯಿಕುರಿ ಇರಲಿಲ್ಲ. ಅದರ ಹತ್ತು ದಿನದ ಮರಿ ದೊಡ್ಡಿಯಲ್ಲಿ ಅರಚುತ್ತಿತ್ತು. ಗುಡ್ಡದಲ್ಲಿ ಚಿರತೆ ಓಡಾಡುತ್ತಿದ್ದ ದಿನಗಳು. ಕತ್ತಲಾಗುವುದರೊಳಗೆ ಸಿಗದಿದ್ದರೆ ತಾಯಿ ಉಳಿಯುವುದಿಲ್ಲ, ತಾಯಿಯಿಲ್ಲದೆ ಮರಿಯೂ ಉಳಿಯುವುದಿಲ್ಲ. ಮಾವನ ಮುಖ ಸಪ್ಪಗಾಗಿತ್ತು.

"ಜೀವ ಇದ್ದಿದ್ದು ಬೆಳ್ಳಗೆ ಕಾಣ್ತೈತೆ ಮಾವ, ಬಾ ಹೋಗಾಣ" ಎಂದು ಕ್ಯಾಮೆರಾ ಹಿಡಿದು ಮುಂದೆ ನಡೆದೆ.

ಗುಡ್ಡದಲ್ಲಿ ನೋಡಿದರೆ ಪರದೆಯ ತುಂಬ ಬಿಳಿ. "ಅಗೋ ಅಲ್ಲಿ" ಎಂದೆ. ಮಾವ ಏದುಸಿರು ಬಿಡುತ್ತಾ ಹತ್ತಿ ನೋಡಿದರೆ ಬಂಡೆ. ಇನ್ನೊಂದು ತೋರಿಸಿದೆ, ಅದೂ ಬಂಡೆ. ಮಾವ ಬೈಯಲಿಲ್ಲ. ಒಂದು ದೊಡ್ಡ ಸಂದಿಯ ಹತ್ತಿರ ನಿಂತು "ಇದ್ರಾಗೆ ಒಂದ್ಸಲ ನೋಡಪ್ಪ" ಎಂದ. ಒಳಗೆಲ್ಲ ಕಪ್ಪು.

"ಏನೂ ಇಲ್ಲ ಮಾವ, ನಡಿ."

ಬುದ್ಧಿ ಬಂದಾಗಿನಿಂದ ಕುರಿ ಕಾದವನು ನನ್ನ ಮಾತು ನಂಬಿ ಇಳಿದು ಬಂದ. ಅದನ್ನು ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ.

ಮನೆ ಮುಂದೆ ಮರಿ ಇನ್ನೂ ಅರಚುತ್ತಲೇ ಇತ್ತು. ಅವ್ವ ಕೊಟ್ಟ ನೀರನ್ನೂ ಕುಡಿಯದೆ ಮಾವ ಅದನ್ನೆತ್ತಿ ಕಂಬಳಿಯೊಳಗೆ ಎದೆಗವಚಿಕೊಂಡು ಮತ್ತೆ ಗುಡ್ಡ ಹತ್ತಿದ. ನಾನು ಹಿಂದೆ ಓಡಿದೆ. ನಾಲ್ಕು ಹೆಜ್ಜೆಗೊಮ್ಮೆ ಮರಿಯ ಕಿವಿ ಹಿಂಡುತ್ತಾನೆ, ಅದು ಬ್ಯಾ ಎನ್ನುತ್ತದೆ, ನಿಂತು ಕೇಳಿಸಿಕೊಳ್ಳುತ್ತಾನೆ. ನಾನು ಏನೂ ಇಲ್ಲ ಎಂದಿದ್ದ ಅದೇ ಸಂದಿಯಿಂದ ದಪ್ಪ ದನಿಯೊಂದು ಬ್ಯಾ ಎಂದಿತು. ತಾಯಿಕುರಿ ಕಾಲು ಸಿಕ್ಕಿಕೊಂಡು, ಮುಖ ಆ ಕಡೆ ಮಾಡಿ ಕೂತಿತ್ತು.

ನಾಚಿಕೆಯಾದರೂ ಕುತೂಹಲ ಬಿಡಬೇಕಲ್ಲ. ಮತ್ತೆ ಕ್ಯಾಮೆರಾ ಹಿಡಿದೆ. ಕುರಿಯ ಮೈ ಕಪ್ಪು. ಕಂಬಳಿ ಹೊದ್ದ ಮಾವನೂ ಮುಖವೊಂದು ಬಿಟ್ಟರೆ ಕಪ್ಪು.

"ಉಣ್ಣೆ ಕತ್ತರಿಸಿಲ್ಲಲ್ಲೋ ಇನ್ನೂ" ಎಂದ ಮಾವ, ಕುರಿಯ ಕಾಲು ಬಿಡಿಸುತ್ತಾ. "ಮೈ ಶಾಖ ಹೊರಗೆ ಬಿಟ್ರೆ ಅದೆಂಥಾ ಉಣ್ಣೆ?"

ಕುರಿ ಹೊತ್ತು ಇಳಿದಾಗ ಜನ ಸೇರಿದ್ದರು, ಎಲ್ಲರಿಗಿಂತ ಮುಂದೆ ಅವ್ವ. ಹೆಂಗೆ ಸಿಕ್ತು ಎಂದು ಯಾರೋ ಕೇಳಿದರು. ಮಾವ ನನ್ನ ಕಡೆ ನೋಡದೆ "ಮಷೀನ್‌ನಾಗೆ ಕಾಣ್ತು" ಎಂದ. ನಾನು ಸುಮ್ಮನಿದ್ದೆ. ಹನ್ನೆರಡು ವರ್ಷವಾಯಿತು, ಸುಮ್ಮನೇ ಇದ್ದೆ. ಅವ್ವನ ಬಾಯಲ್ಲಿ ಆ ಕತೆ ಕೇಳದವರು ಈಗ ನಾವಿರುವ ಹೊಸದುರ್ಗದಲ್ಲಿ ಯಾರೂ ಉಳಿದಿಲ್ಲ.

ಮೊನ್ನೆ ಗೇಮು ಮುಚ್ಚಿ ಮಾವನಿಗೆ ಫೋನ್ ಹಚ್ಚಿದೆ. ಕುರಿ ಸಿಕ್ಕ ದಿನ ಮಷೀನ್‌ನಾಗೆ ಕಾಣ್ತು ಅಂತ ಯಾಕೆ ಹೇಳ್ದೆ ಎಂದು ಕೇಳಿದೆ.

"ನಿಮ್ಮವ್ವ ಅಲ್ಲೇ ನಿಂತಿದ್ಲಲ್ಲೋ" ಎಂದ. "ನಿನ್ ಮಕಾನೇ ನೋಡ್ತಿದ್ಲು."

ಪಡಸಾಲೆಯಲ್ಲಿ ಕೂತಿದ್ದ ಅವ್ವ "ಯಾರೋ ಅದು?" ಎಂದಳು.

"ಮಾವ. ಆ ಕುರಿ ಹುಡುಕಿದ್ದು ಅವನೇ ಕಣವ್ವ. ನಾನು ಇಲ್ಲ ಅಂತ ವಾಪಸ್ ಕರ್ಕಂಡ್ ಬಂದಿದ್ದೆ."

ಅವ್ವ ಕೈ ಚಾಚಿದಳು.

"ಫೋನ್ ಕೊಡು ಇಲ್ಲಿ. ಇಷ್ಟ್ ವರ್ಷ ಅವನ ಎದುರಿಗೇ ಕುಂತ್ಕಂಡು ನೀನೇ ಹುಡುಕ್ದೆ ಅಂತ ಹೇಳೀನಿ."