ಕಟ್ಟೆ ಖಾಲಿ ಮಾಡಿಸಲು ಬಂದ ಸಿಪಾಯಿ

ಹುಕ್ಕೇರಿ ಚೌಕದ ಬೇವಿನ ಕಟ್ಟೆಯನ್ನು ಹಿರಿಯರು ಕಟ್ಟಿಸಿದ್ದೇ ದಾರಿಹೋಕರು ಹೊರೆ ಇಳಿಸಿ ದಣಿವಾರಿಸಿಕೊಳ್ಳಲಿ ಅಂತ. ಬ್ರಿಟಿಷರ ಕಾಲವದು. ಗೋಕಾಕದಲ್ಲಿ ಮರದಿಂದ ಕೆತ್ತಿದ ಆಟಿಕೆ ಬಾಳೆಹಣ್ಣು ಮಾರಲು ಹೋಗಿದ್ದ ನಾನು ಅಲ್ಲಿ ಕೂತಿದ್ದೆ. ಘೋಡಗೇರಿಯಿಂದ ಜೋಳದ ಗಂಟು ಹೊತ್ತು ನಡೆದು ಬಂದ ಮುದುಕನೊಬ್ಬ ಬಾಜೂಕ್ಕೆ ಕೂತ. ಗಂಟು ಇಳಿಸಿ ಕಾಲು ಚಾಚಿದ.

ಸಿಪಾಯಿಯೊಬ್ಬ ಬಂದು ಕೋಲು ಬಡಿದ. "ಏಳ್ರಿ! ಸಾಹೇಬ್ರು ಬರಾಕತ್ತಾರ. ಕಟ್ಟಿ ಖಾಲಿ ಇರಬೇಕು."

ನನಗೆ ಮೈಯೆಲ್ಲ ಉರಿಯಿತು. ಖಾಲಿ ಕಟ್ಟೆ ನೋಡಲು ಸಾಹೇಬ ಕುದುರೆ ಹತ್ತಿ ಬರಬೇಕೇ? ಆದರೂ ಕೈಮುಗಿದೆ. "ಆತ್ರಿ, ಹೋಗಿ ಬರ್ತೇವ್ರಿ."

"ಬರೂದು ಗಿರೂದು ಇಲ್ಲ! ಬರೇ ಹೋಗ್ರಿ!"

ಇಷ್ಟೇ ಸಾಕಾಗಿತ್ತು ನನಗೆ. ಎದುರಿಗೆ ಕೂತು ಕಾಯಿಪಲ್ಯೆ ಮಾರುತ್ತಿದ್ದ ಮುದುಕಿಗೆ ಕೂಗಿ ಹೇಳಿದೆ: "ಕೇಳಿದ್ಯೇನಬೇ ಯವ್ವಾ? ಮುತ್ಯಾಗ ತಿರುಗಿ ಬರಬ್ಯಾಡ ಅಂತಾನ!"

ಆಕೆ ತಕ್ಕಡಿ ಬಿಟ್ಟು ಎದ್ದಳು. "ಏನಂದ್ಯೋ ಭಾಡ್ಯಾ? ಹೆಣಕ್ಕ ಹೇಳೂ ಮಾತು ಜೀವಂತ ಮನಷ್ಯಾಗ ಹೇಳ್ತೀಯಾ?"

ಸಾವಿರ ಮಂದಿ ಕೂಡಿದರು. ಹೆಚ್ಚಾಯಿತು ಅನಿಸಿದರೆ ನೀವೇ ಕಡಿಮೆ ಮಾಡಿಕೊಳ್ಳಿ. ಸಿಪಾಯಿ ಬೆವರಿದ. "ತಪ್ಪಾತು ಯವ್ವಾ. ಮುತ್ಯಾ, ಹೋಗಿ ಬರ್ರಿ."

ಸರಕಾರದ ಅಪ್ಪಣೆ ಮೀರಬಾರದು ನೋಡ್ರಿ. ಮುದುಕನ ಕೈ ಹಿಡಿದು ಪಲ್ಯೆಯ ಬುಟ್ಟಿಯವರೆಗೆ ಹೋದೆ, ಬಂದು ಇಬ್ಬರೂ ಕೂತೆವು.