ಮಗುಚಿ ಹಾಕಿದ ಕಾರ್ಡು

ಪತ್ರಿಕೆಯಲ್ಲಿ ಪುಟ ಕಟ್ಟುತ್ತಿದ್ದ ನಾನು ಕೆಲಸ ಬಿಟ್ಟ ಮೇಲೆ ಪುಸ್ತಕಗಳಿಗೆ ಮುಖಪುಟ ಮಾಡಿಕೊಡುತ್ತೇನೆ. ಒಮ್ಮೆ ಮೂಡುಬಿದಿರೆಯಲ್ಲಿ ಪಾಠ ಮಾಡುವ ಯುವತಿಯೊಬ್ಬರು ತಮ್ಮ ಮೊದಲ ಕಾದಂಬರಿ ತಂದರು. ಹುಡುಗಿಯೊಬ್ಬಳು ಬೆಳೆಯುತ್ತಾ ತಾನು ಯಾರೆಂದು ಕೇಳಿಕೊಳ್ಳುವ ಕಥೆ. ಅಚ್ಚಾಗುವುದು ಬೇರೆ ಹೆಸರಿನಲ್ಲಿ.

"ಅಣ್ಣನಿಗೆ ಗೊತ್ತಾದರೆ ನನ್ನ ಬರವಣಿಗೆ ಅಲ್ಲಿಗೇ ನಿಂತಿತು ಸರ್. ಕಥೆ ನನ್ನದೇನಲ್ಲ, ಆದರೂ."

ಕೇಳದೆ ಕೊಟ್ಟ ಸ್ಪಷ್ಟನೆಯನ್ನು ನಂಬುವ ಅಭ್ಯಾಸ ನನಗಿಲ್ಲ.

ಕಾದಂಬರಿಯ ಹುಡುಗಿ ಬಸ್ಸಿನಲ್ಲಿ ತನ್ನ ಹೆಸರು ಯಾರೂ ಓದಬಾರದೆಂದು ಕಾಲೇಜಿನ ಗುರುತಿನ ಕಾರ್ಡನ್ನು ಮಗುಚಿ ಹಾಕಿಕೊಳ್ಳುತ್ತಾಳೆ. ಮುಖಪುಟಕ್ಕೆ ಅದನ್ನೇ ಚಿತ್ರಿಸಿದೆ: ಖಾಲಿ ಕೆಂಪು ಸೀಟು, ಅದರ ಮೇಲೆ ಮಗುಚಿ ಬಿದ್ದ ಕಾರ್ಡು, ಅದನ್ನು ಕೊರಳಿಗೆ ಹಾಕುವ ಹಸಿರು ಟ್ಯಾಗ್.

ಚಿತ್ರ ಕಳಿಸಿದ ಮರುದಿನ ಅವರೇ ಬಂದರು.

"ಹಸಿರು ಅಂತ ಯಾರು ಹೇಳಿದ್ದು ನಿಮಗೆ?"

"ಯಾರೂ ಇಲ್ಲ. ಕೆಂಪಿನ ಮೇಲೆ ಎದ್ದು ಕಾಣ್ತದೆ."

"ನನ್ನ ಬಗ್ಗೆ ವಿಚಾರಿಸಿದ್ದೀರಾ?"

ಇಲ್ಲಿ ಒಂದೊಂದು ಕಾಲೇಜಿಗೆ ಒಂದೊಂದು ಬಣ್ಣದ ಟ್ಯಾಗ್. ಹಸಿರು ಅವರು ಓದಿದ ಕಾಲೇಜಿನದಂತೆ. ನನ್ನ ಉತ್ತರವನ್ನು ಅವರು ನಂಬಲಿಲ್ಲ.

ಟ್ಯಾಗನ್ನು ಬೂದು ಮಾಡಿದೆ. ಪರಿಶೀಲಿಸದೆ ಯಾವುದನ್ನೂ ಅಚ್ಚಿಗೆ ಕೊಟ್ಟವನಲ್ಲ. ಬಸ್ ನಿಲ್ದಾಣಕ್ಕೆ ಹೋಗಿ, ಕಾದಂಬರಿಯ ಹುಡುಗಿ ಓಡಾಡುವ ಬಂಟ್ವಾಳ ಬಸ್ಸಿನ ಹಳೆಯ ಕಂಡಕ್ಟರಿಗೆ, ಪುಸ್ತಕವೊಂದರ ಮುಖಪುಟವೆಂದು ಹೇಳಿ ಚಿತ್ರ ತೋರಿಸಿದೆ.

"ಇದು ಯಾವ ಕಾಲೇಜಿನದ್ದು?"

"ಈ ಬಣ್ಣದ್ದು ಈ ಕಡೆ ಯಾವುದೂ ಇಲ್ಲ ಮಾರಾಯ್ರೆ." ಆದರೆ ಆತ ಚಿತ್ರ ಹಿಂದೆ ಕೊಡಲಿಲ್ಲ. "ಕಾರ್ಡು ಹೀಗೆ ಮಗುಚಿ ಹಾಕುವ ಹುಡುಗಿ ಒಬ್ಬಳಿದ್ದಳು, ಮೆಲ್ಕಾರಿನವಳು. ನಿನ್ನ ಹೆಸರನ್ನು ಯಾರು ಕದಿಯುವುದು ಅಂತ ನಾನೇ ತಮಾಷೆ ಮಾಡ್ತಿದ್ದೆ. ಅವಳ ಅಣ್ಣ ಈಗಲೂ ಇದೇ ಬಸ್ಸಿಗೆ ಬರ್ತಾನೆ. ನಿಮಗೆ ಇದೆಲ್ಲ ಯಾಕೆ?"

"ಸುಮ್ಮನೆ," ಎಂದೆ.

ನಡೆದದ್ದನ್ನು ಏನೂ ಸೇರಿಸದೆ, ಏನೂ ಬಿಡದೆ ಫೋನಿನಲ್ಲಿ ಅವರಿಗೆ ಹೇಳಿದೆ.

"ನೀವು ತೋರಿಸುವವರೆಗೆ ಆ ಕಂಡಕ್ಟರಿಗೆ ಏನೂ ಗೊತ್ತಿರಲಿಲ್ಲ ಸರ್."

ಕಾರ್ಡನ್ನು ಅಳಿಸಿದೆ. ಪುಸ್ತಕ ಬರಿಯ ಕೆಂಪು ಸೀಟಿನೊಂದಿಗೆ ಹೊರಬಂತು. ಒಳಗಿನ ಪುಟಗಳಲ್ಲಿ ಕಾರ್ಡು ಹಾಗೆಯೇ ಉಂಟು.

ಈಗಲೂ ಆ ಬಸ್ ಹತ್ತಿದರೆ ಕಂಡಕ್ಟರ್ ಟಿಕೆಟ್ ಹರಿಯುತ್ತಾ ಕೇಳುತ್ತಾನೆ: "ಆ ಚಿತ್ರದ ಪುಸ್ತಕ ಬಂತಾ?"

"ಇಲ್ಲ," ಎನ್ನುತ್ತೇನೆ. ಅವನು ಮುಂದಿನ ಸೀಟಿಗೆ ಹೋಗುವ ಮೊದಲು ನನ್ನನ್ನೊಮ್ಮೆ ನೋಡುತ್ತಾನೆ. ನಾನು ಬಸ್ಸಿನೊಳಗೆ ಕೂತ ಗಂಡಸರ ಮುಖಗಳನ್ನು ಒಂದೊಂದಾಗಿ ನೋಡುತ್ತೇನೆ.