ಸವಾರನ ಸೊಂಟ, ಕುದುರೆಯ ಬೆನ್ನು

ಇದೆಲ್ಲ ಆಗುವ ಮಾತಲ್ಲ ಎಂದು ಮೊದಲು ಹೇಳಿದವರು ನಮ್ಮ ದೊಡ್ಡಪ್ಪ. ಮಾರೇನಹಳ್ಳಿಯ ಹೊಲವೆಲ್ಲ ಸೈಟಾಗಿ, ನಾಲ್ಕು ಮನೆ ಬಾಡಿಗೆಗೆ ಕೊಟ್ಟಿದ್ದರೂ ನಮ್ಮ ಮನೆತನದಲ್ಲಿ ನನಗಿಂತ ಮೊದಲು ಡಿಗ್ರಿ ಮುಗಿಸಿದವರು ಒಬ್ಬರೂ ಇರಲಿಲ್ಲ. ಫಿಸಿಯೋಥೆರಪಿ ಓದಿ ಮುಗಿಸಿ, ಇನ್ನು ಪ್ರಾಣಿಗಳ ಫಿಸಿಯೋಥೆರಪಿ ಕೋರ್ಸಿಗೆ ಸೇರುತ್ತೇನೆ ಎಂದಾಗ ಊಟಕ್ಕೆ ಕೂತಿದ್ದವರು ತುತ್ತು ಬಿಟ್ಟು ನಕ್ಕರು.

“ಮನುಷ್ಯರ ಕಾಲು ಒತ್ತಿದ್ದು ಸಾಲ್ದು ಅಂತ ಕುದ್ರೆ ಕಾಲು ಒತ್ತೋಕೆ ಹೊರಟ್ಲು ನೋಡು! ಒಂದು ಸಲ ಒದೀಲಿ, ಹಲ್ಲು ಎಣಿಸ್ಕೊಂಡು ವಾಪಸ್ ಬರ್ತಾಳೆ,” ಎಂದರು ದೊಡ್ಡಪ್ಪ.

ಆ ಸಿಟ್ಟಿನಲ್ಲೇ ಸೇರಿದೆ. ಸರ್ಟಿಫಿಕೇಟ್ ಬೇಕೆಂದರೆ ಒಂದು ಕುದುರೆಗೆ ಆರು ವಾರ ಚಿಕಿತ್ಸೆ ಕೊಟ್ಟು, ಬರೆದಿಟ್ಟು, ಅದರ ಮಾಲೀಕರ ಸಹಿ ಪಡೆಯಬೇಕು. ವಿಜಯನಗರದ ಕ್ಲಿನಿಕ್ಕಿನಲ್ಲಿ ಕೆಲಸ ಮುಗಿಸಿ, ಮೆಟ್ರೋ ಹತ್ತಿ, ಕೆಂಗೇರಿ ಆಚೆಯ ಒಂದು ಸವಾರಿ ಶಾಲೆಗೆ ಹೋಗುತ್ತಿದ್ದೆ.

ಅಲ್ಲೊಂದು ಕಂದು ಕುದುರೆ ಹಿಂದಿನ ಎಡಗಾಲು ಎಳೆಯುತ್ತಿತ್ತು. ಎಲ್ಲರೂ ಕಾಲನ್ನೇ ನೋಡುತ್ತಿದ್ದರು. ನಾನು ಬೆನ್ನ ಮೇಲೆ ಕೈಯಾಡಿಸಿದೆ. ಜೀನು ಕೂರುವ ಜಾಗದಲ್ಲಿ, ಎಡಗಡೆಯ ಮಾಂಸಖಂಡ ಕಲ್ಲಾಗಿತ್ತು. ಮುಟ್ಟಿದರೆ ಸಾಕು, ಕಿವಿ ಹಿಂದಕ್ಕೆ ಮಡಚಿ ಬೆನ್ನು ತಗ್ಗಿಸುತ್ತಿತ್ತು. ಅದನ್ನು ಸವಾರಿ ಮಾಡುತ್ತಿದ್ದವನು ಮಾಲೀಕರ ಮಗ. ಅವನನ್ನು ಒಂಟಿ ಕಾಲಲ್ಲಿ ನಿಲ್ಲಿಸಿ ನೋಡಿದೆ. ಸೊಂಟ ವಾಲಿತು. ಬೈಕಿನಿಂದ ಬಿದ್ದಾಗಿನಿಂದ ಹಾಗೇ ಅಂತೆ. ಕೂತಾಗ ಅವನ ಭಾರವೆಲ್ಲ ಎಡಕ್ಕೆ ಬೀಳುತ್ತಿತ್ತು. ಅವನ ಸೊಂಟದ ನೋವನ್ನು ಕುದುರೆ ಹೊರುತ್ತಿತ್ತು.

ಮಾಲೀಕರು ಕೆಂಡವಾದರು. “ನನ್ನ ಮಗಂಗೇ ಊನ ಅಂತೀಯಾ?”

“ಊನ ಅಲ್ಲ ಸಾರ್. ಎರಡು ತಿಂಗಳು ವ್ಯಾಯಾಮ ಮಾಡ್ಲಿ, ಕುದುರೆಗೂ ರೆಸ್ಟ್ ಕೊಡಿ. ಇಬ್ರೂ ಸರಿ ಹೋಗ್ತಾರೆ.”

“ಭಾನುವಾರ ಕಾಂಪಿಟಿಷನ್ ಇದೆ. ಇಂಜೆಕ್ಷನ್ ಹಾಕಿಸ್ತೀನಿ. ನೀನು ವಾಸಿ ಆಯ್ತು ಅಂತ ಬರಿ, ಈಗ್ಲೇ ಸೈನ್ ಹಾಕ್ತೀನಿ.”

ಪೆನ್ನನ್ನೂ ಅವರೇ ಚಾಚಿದರು. ಒಂದೇ ಒಂದು ಸಾಲು. ‘ನೋವಿದೆ, ಸವಾರಿ ಕೂಡದು’ ಎಂದು ಬರೆದೆ. ಸಹಿಯೂ ಇಲ್ಲ, ಇನ್ನು ಬರಬೇಡ ಎಂದು ಗೇಟು ತೋರಿಸಿದರು.

ಮುಂದಿನ ವಾರ ಮನಸ್ಸು ತಡೆಯದೆ ಹೋದೆ. ಲಾಯದಲ್ಲಿ ಅದರ ಜಾಗ ಖಾಲಿ. ಭಾನುವಾರ ಕಾಂಪಿಟಿಷನ್ನಿನಲ್ಲಿ ಅದನ್ನು ಬೇಲಿ ಹಾರಿಸಿದ್ದರು ಎಂದ ಲಾಯದ ಹುಡುಗ. ಮರುದಿನ ಎದ್ದು ನಿಲ್ಲಲಾಗಲಿಲ್ಲವಂತೆ. ಎಲ್ಲಿಗೆ ಕಳಿಸಿದಿರಿ ಎಂದು ಮಾಲೀಕರನ್ನು ಕೇಳಿದರೆ “ನಿಂಗ್ಯಾಕಮ್ಮ?” ಎಂದರು. ಮಗನ ಸೊಂಟ ವಾಲಿದೆ ಎಂದು ಒಪ್ಪಿಕೊಳ್ಳಲು ಆಗದ ಮನುಷ್ಯ ಒಂದು ಜೀವವನ್ನೇ ಮುರಿದ. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಮತ್ತೆ ಮೊದಲಿನಿಂದ ಶುರು ಮಾಡಿದೆ. ಬಾಪೂಜಿ ನಗರದಲ್ಲಿ ಮದುವೆ ಮೆರವಣಿಗೆಗೆ ಬಿಳಿ ಕುದುರೆ ಕೊಡುವ ಒಬ್ಬರು ಸಿಕ್ಕರು. ಅದೂ ಬೆನ್ನು ನೋವಿಗೆ ಕುಂಟುತ್ತಿತ್ತು. “ದಪ್ಪ ಮದುಮಗ ಬಂದ್ರೆ ಇದು ನನ್ನ ಮುಖಾನೇ ನೋಡುತ್ತೆ ಮೇಡಂ,” ಎಂದು ನಗುತ್ತಿದ್ದರು. ಆರು ವಾರ ನಾನು ಹೇಳಿದ್ದಕ್ಕೆಲ್ಲ ಹೂಂ ಎಂದರು. ದಪ್ಪ ಮದುಮಗ ಬಂದರೆ ಕುದುರೆ ಇಲ್ಲ ಎಂದರು. ಕುದುರೆ ಸರಿಯಾಗಿ ಹೆಜ್ಜೆ ಇಟ್ಟ ದಿನ ಸಹಿ ಹಾಕಿದರು.

ಸರ್ಟಿಫಿಕೇಟ್ ಕೊಡುವ ದಿನ ಅಮ್ಮ ಬಂದಿದ್ದಳು. ಕೆಂಗೇರಿಯ ವಿಷಯ ಅವಳಿಗೆ ಪೂರ್ತಿ ಗೊತ್ತಿತ್ತು. ವೇದಿಕೆಯಿಂದ ಇಳಿದು ನೇರ ಅವಳ ಕೈಗೇ ಕೊಟ್ಟೆ. ಕಣ್ಣೀರು ಹಾಕುತ್ತಾಳೆ ಎಂದುಕೊಂಡಿದ್ದೆ. ಎರಡೂ ಬದಿ ತಿರುಗಿಸಿ ನೋಡಿ, ಎದ್ದು ನಿಂತಳು.

“ಗೋಡೆಗೆ ಆಮೇಲೆ ನೇತಾಕುವಂತೆ. ಈಗ ಕೆಂಗೇರಿಗೆ ನಡಿ. ಇದನ್ನ ಆವಯ್ಯನ ಮುಖಕ್ಕೆ ಹಿಡಿ, ಕುದ್ರೇನ ಎಲ್ಲಿಗೆ ಅಟ್ದೆ ಅಂತ ಕೇಳು. ನಾನೂ ಬರ್ತೀನಿ.”